ಲಾಠಿಗೆ ನೋವಾಗುತ್ತದೆ, ಬರೆಯಬೇಡಿ

ಏಟು ಬಿದ್ದ ದಿನ ಯಾವ ಮೇಲಧಿಕಾರಿಗೂ ನೋವಾಗುವುದಿಲ್ಲ. ಅದು ಪತ್ರಿಕೆಯಲ್ಲಿ ಅಚ್ಚಾದ ದಿನ ಆಗುತ್ತದೆ. ಇಲಾಖೆಯ ಮನೋಸ್ಥೈರ್ಯ ಕುಗ್ಗುತ್ತದೆ. ಸಿಬ್ಬಂದಿ ಹಗಲಿರುಳು ದುಡಿಯುವುದು ನೆನಪಾಗುತ್ತದೆ. ದೀಪಾವಳಿಗೂ ಊರಿಗೆ ಹೋಗದ ಪೇದೆಯ ಹೆಂಡತಿ ಮಕ್ಕಳು ನೆನಪಾಗುತ್ತಾರೆ. ಏಟು ತಿಂದವನಿಗೂ ಹೆಂಡತಿ ಮಕ್ಕಳಿದ್ದಾರೆ ಎಂಬುದು ಮಾತ್ರ ಪತ್ರಿಕಾ ಪ್ರಕಟಣೆಯಲ್ಲಿ ಹಿಡಿಸುವುದಿಲ್ಲ. ಜಾಗ ಸಾಲದು.

ಪ್ರಕಟಣೆ ಹೇಗಿರುತ್ತದೆಂದು ನಿಮಗೂ ಬಾಯಿಪಾಠ. ಘಟನೆ ಗಮನಕ್ಕೆ ಬಂದಿದೆ. ಆರೋಪ ಸತ್ಯಕ್ಕೆ ದೂರವಾದುದು. ಆದರೂ ತನಿಖೆಗೆ ಆದೇಶಿಸಲಾಗಿದೆ. ತಪ್ಪಿತಸ್ಥರು ಯಾರೇ ಇರಲಿ, ಮುಲಾಜಿಲ್ಲದೆ ಕ್ರಮ. ನಾಲ್ಕೇ ವಾಕ್ಯ. ಆರೋಪ ಸುಳ್ಳೆಂದು ಆಗಲೇ ಗೊತ್ತಿದ್ದರೆ ತನಿಖೆ ಯಾಕೆ? ತನಿಖೆ ಬೇಕೆಂದರೆ ಸುಳ್ಳೆಂದು ಗೊತ್ತಾದದ್ದು ಹೇಗೆ? ಶುರುವಾಗುವ ಮುಂಚೆಯೇ ಫಲಿತಾಂಶ ಹೊರಬೀಳುವ ತನಿಖೆ ಲೋಕದಲ್ಲಿ ಒಂದೇ. ಪೊಲೀಸರ ಮೇಲೆ ಪೊಲೀಸರು ನಡೆಸುವುದು.

ಮಂಡ್ಯಕ್ಕೆ ಬನ್ನಿ.

2025ರ ಮೇ 26. ಮದ್ದೂರು ತಾಲ್ಲೂಕಿನ ಗಂಡಹೆಂಡತಿ, ನಾಯಿ ಕಚ್ಚಿದ ಮೂರು ವರ್ಷದ ಮಗಳನ್ನು ಬೈಕಿನಲ್ಲಿ ಕೂರಿಸಿಕೊಂಡು ಮಂಡ್ಯದ ಆಸ್ಪತ್ರೆಗೆ ಬರುತ್ತಿದ್ದರು. ಹೆದ್ದಾರಿಯಲ್ಲಿ ಸಂಚಾರ ಪೊಲೀಸರ ಹೆಲ್ಮೆಟ್ ತಪಾಸಣೆ. ಬೈಕ್ ತಡೆದರು. ಮಗು ರಸ್ತೆಗೆ ಬಿತ್ತು. ಹಿಂದಿನಿಂದ ಬಂದ ವಾಹನ ಹರಿಯಿತು. ಹೆತ್ತವರು ಮಗುವಿನ ಹೆಣ ಇಟ್ಟುಕೊಂಡು ರಸ್ತೆಯಲ್ಲೇ ಕೂತು ಅತ್ತದ್ದನ್ನು ರಾಜ್ಯವೆಲ್ಲ ನೋಡಿತು.

ರಾಜ್ಯ ನೋಡಿದ್ದರಿಂದ ಇಲಾಖೆಯೂ ನೋಡಿತು. ಮೂವರು ಎಎಸ್‌ಐಗಳು ಅಮಾನತಾದರು.

ಎಎಸ್‌ಐ ಎಂದರೆ ಯಾರು? ಪೇದೆಯಾಗಿ ಸೇರಿ, ಇಪ್ಪತ್ತು ಮೂವತ್ತು ವರ್ಷ ಬಂದೋಬಸ್ತಿನಲ್ಲಿ ಕಾಲು ಸವೆಸಿ, ಪಿಂಚಣಿಯ ಹೊಸ್ತಿಲಲ್ಲಿ ಹೆಗಲಿಗೊಂದು ನಕ್ಷತ್ರ ಕಂಡವನು. ಅವನನ್ನು ಬಿಸಿಲಲ್ಲಿ ಹೆದ್ದಾರಿಗೆ ನಿಲ್ಲಿಸಿದವರು ಯಾರು? ಎಲ್ಲಿ ನಿಲ್ಲಬೇಕೆಂದು ಹೇಳಿದವರು ಯಾರು? ದಿನಕ್ಕಿಷ್ಟು ಕೇಸು ಎಂಬ ಟಾರ್ಗೆಟ್ ಇದೆಯೆಂದು ರಸ್ತೆಯಲ್ಲಿ ನಿಂತವರು ಪಿಸುಗುಡುತ್ತಾರೆ. ಟಾರ್ಗೆಟ್ ಗೀರ್ಗೆಟ್ ಏನೂ ಇಲ್ಲವೆಂದು ಏಸಿ ಕೋಣೆಯಲ್ಲಿ ಕೂತವರು ಗುಡುಗುತ್ತಾರೆ. ನಮ್ಮಲ್ಲಿ ಆದೇಶ ಮೇಲಿನಿಂದ ಕೆಳಕ್ಕೆ ಇಳಿಯುತ್ತದೆ. ಜವಾಬ್ದಾರಿ ಕೆಳಗಿನಿಂದ ಮೇಲಕ್ಕೆ ಹತ್ತುವುದಿಲ್ಲ. ಒಂದು ನಕ್ಷತ್ರಕ್ಕೇ ಅದಕ್ಕೆ ಏದುಸಿರು.

ಆಮೇಲೆ ಸುತ್ತೋಲೆ ಬಂತು. ಡಿಜಿ-ಐಜಿಪಿ ಎಂ.ಎ. ಸಲೀಂ ಆ ಕುರ್ಚಿಗೆ ಬಂದು ಆಗ ಹೆಚ್ಚು ದಿನ ಆಗಿರಲಿಲ್ಲ. ಸಂಚಾರ ವಿಷಯದಲ್ಲಿ ಪಂಡಿತರು, ಅದರಲ್ಲೇ ಡಾಕ್ಟರೇಟ್ ಪಡೆದವರು. ಕಣ್ಣಿಗೆ ಕಾಣುವ ಉಲ್ಲಂಘನೆ ಇಲ್ಲದೆ ವಾಹನ ತಡೆಯಬೇಡಿ ಎಂದರು. ದಿಢೀರನೆ ಅಡ್ಡ ಬರಬೇಡಿ. ಕೀ ಕಿತ್ತುಕೊಳ್ಳಬೇಡಿ. ಹಿಂದೆ ಕೂತವರನ್ನು ಎಳೆಯಬೇಡಿ.

ಒಳ್ಳೆಯ ಮಾತು. ಓದಿ ಕೈಮುಗಿದೆ. ಆಮೇಲೆ ಒಂದು ಸಂಶಯ ಬಂತು. ಕೀ ಕಿತ್ತುಕೊಳ್ಳುತ್ತಾರೆ ಎಂದು ಪತ್ರಿಕೆಗಳು ವರ್ಷಗಟ್ಟಲೆ ಬರೆದಾಗ, ಅಂಥದ್ದೇನೂ ನಡೆಯುತ್ತಿಲ್ಲ ಎಂದವರು ಇದೇ ಇಲಾಖೆಯವರಲ್ಲವೇ? ನಡೆಯದೇ ಇದ್ದ ಕೆಲಸವನ್ನು ಇನ್ನು ಮುಂದೆ ನಡೆಸಬೇಡಿ ಎಂದು ಲಿಖಿತ ಆದೇಶ! ಒಂದು ಮಗು ಸತ್ತ ಮೇಲೆ ಇಲಾಖೆಗೆ ತನ್ನ ಕೈ ತಾನೇ ಕಾಣಿಸಿತು. ಅದಕ್ಕೂ ಮೊದಲು ಆ ಕೈ ಪತ್ರಕರ್ತರ ಕಟ್ಟುಕತೆಯಾಗಿತ್ತು.

ಮದ್ದೂರಿಗೆ ಹೋಗೋಣ. ಅದೇ ವರ್ಷ ಸೆಪ್ಟೆಂಬರ್ 7ರ ರಾತ್ರಿ ಗಣೇಶನ ಮೆರವಣಿಗೆ ಮೇಲೆ ಕಲ್ಲು ಬಿತ್ತು. ಮರುದಿನ ಪ್ರತಿಭಟನೆ. ಲಾಠಿ ಬೀಸಿದರು. ಹೆಂಗಸರಿಗೂ ಬಿತ್ತು. ಟಿವಿಯಲ್ಲಿ ದಿನವಿಡೀ ಅದೇ.

ಬಿಜೆಪಿಯವರ ಕರುಳು ಚುರ್ರೆಂದಿತು. ಪೊಲೀಸ್ ದೌರ್ಜನ್ಯ, ಗೂಂಡಾ ಸರ್ಕಾರ, ಇತ್ಯಾದಿ. ಕಾಂಗ್ರೆಸ್ಸಿನವರಿಗೆ ಆ ಲಾಠಿಯಲ್ಲಿ ಕಾನೂನು ಸುವ್ಯವಸ್ಥೆ ಕಂಡಿತು. ಅದಕ್ಕೆ ಹಿಂದಿನ ವರ್ಷ, 2024ರ ಜನವರಿಯಲ್ಲಿ, ಹನುಮ ಧ್ವಜ ಇಳಿಸಿದಾಗ, ಮಂಡ್ಯ ಜಿಲ್ಲೆಯದೇ ಆದ ಕೆರಗೋಡಿನ ಧ್ವಜಸ್ತಂಭದ ಬುಡದಲ್ಲೂ ಇದೇ ನಾಟಕ, ಇದೇ ಪಾತ್ರಧಾರಿಗಳು. ಸರಿ, ಈಗ ಕ್ಯಾಲೆಂಡರ್ ಹಿಂದಕ್ಕೆ ಮಗುಚಿ. 2019ರ ಡಿಸೆಂಬರ್ 19, ಮಂಗಳೂರು. ಪೌರತ್ವ ಕಾಯ್ದೆ ವಿರುದ್ಧ ಪ್ರತಿಭಟನೆ. ಗೋಲಿಬಾರ್. ಇಬ್ಬರು ಸತ್ತರು. ಆಗ ಬಿಜೆಪಿಯ ಕರುಳು ತಣ್ಣಗಿತ್ತು. ಕಾಂಗ್ರೆಸ್ಸಿನ ಕರುಳು ಚುರ್ರೆನ್ನುತ್ತಿತ್ತು. ಲಾಠಿ ಎರಡೂ ಕಡೆ ಒಂದೇ. ಇವರು ನೋಡುವುದು ಬೆನ್ನು ಯಾರದೆಂದು.

ಮಂಗಳೂರಿನ ಕತೆ ಇನ್ನೂ ಇದೆ. ಪೊಲೀಸ್ ನಾಯಕತ್ವ ಪತ್ರಕರ್ತರನ್ನು ಹೇಗೆ ನೋಡುತ್ತದೆ ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಪಾಠ ಈ ರಾಜ್ಯದಲ್ಲಿ ಸಿಗಲಿಕ್ಕಿಲ್ಲ.

ಗೋಲಿಬಾರಿನ ಮರುದಿನ ವೆನ್ಲಾಕ್ ಆಸ್ಪತ್ರೆಯ ಶವಾಗಾರದ ಬಳಿ ಮಲಯಾಳಂ ಸುದ್ದಿವಾಹಿನಿಗಳ ಪತ್ರಕರ್ತರು ವರದಿಗೆ ಬಂದಿದ್ದರು. ಅವರನ್ನೇ ಹಿಡಿದರು. ಅವರು ಪತ್ರಕರ್ತರೇ ಅಲ್ಲ ಎಂಬ ಸುದ್ದಿ ಹಬ್ಬಿತು. ಗಂಟೆಗಟ್ಟಲೆ ಕೂರಿಸಿ, ಕೊನೆಗೆ ತಲಪಾಡಿ ಗಡಿ ದಾಟಿಸಿ ಕಾಸರಗೋಡಿನ ಕಡೆಗೆ ಬಿಟ್ಟರು. ಗುಂಡು ಹೊಡೆದವನ ಗುರುತಿನ ಚೀಟಿ ಯಾರೂ ಕೇಳಲಿಲ್ಲ. ಮೈಕು ಹಿಡಿದವನ ಚೀಟಿ ಮಾತ್ರ ಹಿಂದೆ ಮುಂದೆ ತಿರುಗಿಸಿ ನೋಡಿದರು.

ಸತ್ತ ಇಬ್ಬರನ್ನೂ ಆರೋಪಿಗಳ ಪಟ್ಟಿಗೆ ಸೇರಿಸಿದರು. ಸರ್ಕಾರ ಘೋಷಿಸಿದ ಹತ್ತು ಲಕ್ಷದ ಪರಿಹಾರವನ್ನು ತನಿಖೆ ಮುಗಿಯಲಿ ಎಂದು ತಡೆಹಿಡಿದರು. ಪೊಲೀಸರು ಆಸ್ಪತ್ರೆಯೊಳಗೆ ನುಗ್ಗಿ ಬಾಗಿಲು ಒದೆಯುವ ಸಿಸಿಟಿವಿ ದೃಶ್ಯ ಮನೆಮನೆಯ ಟಿವಿಯಲ್ಲಿ ಬಂತು. 2020ರ ಫೆಬ್ರವರಿಯಲ್ಲಿ ಹೈಕೋರ್ಟಿನ ನ್ಯಾಯಮೂರ್ತಿ ಜಾನ್ ಮೈಕಲ್ ಕುನ್ಹ ಆರೋಪಿಗಳಿಗೆ ಜಾಮೀನು ಕೊಡುತ್ತಾ, ಪೊಲೀಸರ ಅತಿರೇಕ ಮುಚ್ಚಿಹಾಕಲು ಅಮಾಯಕರನ್ನು ಸಿಲುಕಿಸುವ ಯತ್ನ ನಡೆದಂತಿದೆ ಎಂದರು. ಆ ಜಾಮೀನಿಗೆ ಸರ್ಕಾರ ಸುಪ್ರೀಂ ಕೋರ್ಟಿನಿಂದ ತಡೆ ತಂದಿತು. ಆರು ತಿಂಗಳ ಮೇಲೆ ಅದೇ ಸುಪ್ರೀಂ ಕೋರ್ಟ್ ಜಾಮೀನು ಕೊಟ್ಟಿತು. ಇತ್ತ ಮ್ಯಾಜಿಸ್ಟ್ರೇಟ್ ತನಿಖೆ ಪೊಲೀಸರದೇನೂ ತಪ್ಪಿಲ್ಲ ಎಂದಿತು. ಎಲ್ಲ ಮುಗಿಯಿತು. ಹಾರಿದ ಗುಂಡುಗಳೂ ಎರಡು ಹೆಣಗಳೂ ಮಾತ್ರ ಲೆಕ್ಕಕ್ಕೆ ಸಿಗದೆ ಉಳಿದವು.

ನಮ್ಮ ಕಡೆ ಹೈಕೋರ್ಟ್‌ವರೆಗೆ ಹೋಗುವ ಪ್ರಮೇಯವೇ ಬರುವುದಿಲ್ಲ. ತಾಲ್ಲೂಕು ಮಟ್ಟದಲ್ಲೇ ಇತ್ಯರ್ಥ.

ಮಳವಳ್ಳಿಯಂಥ ಊರಿನ ಅರೆಕಾಲಿಕ ವರದಿಗಾರನನ್ನು ನೆನೆಸಿಕೊಳ್ಳಿ. ಸಂಬಳವೆಂಬುದು ಹೆಸರಿಗೆ. ಜಾಹೀರಾತು ತಂದರೆ ಕಮಿಷನ್. ಬೆಳಿಗ್ಗೆ ಅಪಘಾತ, ಕಳ್ಳತನ, ಇಸ್ಪೀಟು ದಾಳಿಯ ಸುದ್ದಿ ಬೇಕೆಂದರೆ ಠಾಣೆಯ ಮೆಟ್ಟಿಲೇ ಗತಿ. ಈಗ ಮೆಟ್ಟಿಲೂ ಬೇಡ, ವಾಟ್ಸ್‌ಆ್ಯಪ್ ಗುಂಪಿದೆ. ಅವನು ಒಂದು ದಿನ ಧೈರ್ಯ ಮಾಡಿ, ಲಾಕಪ್ಪಿನಲ್ಲಿ ಯಾರಿಗೋ ಹೊಡೆದರಂತೆ ಎಂದು ಎರಡು ಕಾಲಂ ಬರೆದ ಎನ್ನಿ. ಮಧ್ಯಾಹ್ನದೊಳಗೆ ಫೋನು.

'ಏನಣ್ಣೋ, ನಮ್ ಮ್ಯಾಲೇ ಬರ್ದ್ಬುಟ್ಟಿದ್ದೀಯಲ್ಲ. ಚೆನ್ನಾಗೇ ಇದ್ವಲ್ಲಪ್ಪ.'

ಬೆದರಿಕೆ ಎಲ್ಲಿದೆ? ಹುಡುಕಿದರೂ ಸಿಗದು. ಅಣ್ಣ ಎಂದಿದ್ದಾರೆ, ಅಪ್ಪ ಎಂದಿದ್ದಾರೆ. ಸಂಜೆ ಅವನ ಹೆಸರು ವಾಟ್ಸ್‌ಆ್ಯಪ್ ಗುಂಪಿನಿಂದ ಮಾಯ. ಮರುದಿನ ಬೇರೆ ಪತ್ರಿಕೆಗಳಲ್ಲೆಲ್ಲ ಬಂದ ಕಳ್ಳತನದ ಸುದ್ದಿ ಅವನ ಪತ್ರಿಕೆಯಲ್ಲಿ ಮಾತ್ರ ಇಲ್ಲ. ಮೂರನೆಯ ದಿನ ಡೆಸ್ಕಿನಿಂದ ಬೈಗುಳ. ನಾಲ್ಕನೆಯ ದಿನ ಅವನ ಬೈಕಿಗೆ ಹೊಗೆ ತಪಾಸಣೆ ಪ್ರಮಾಣಪತ್ರ ಇಲ್ಲವೆಂದು ಯಾರಿಗೋ ದಿಢೀರನೆ ಹೊಳೆಯುತ್ತದೆ. ಇಷ್ಟೆಲ್ಲ ಆದ ಮೇಲೂ ಜಿಲ್ಲಾ ಮಟ್ಟದ ಪತ್ರಿಕಾ ದಿನಾಚರಣೆಯಲ್ಲಿ ಅತಿಥಿ ಪೊಲೀಸ್ ಅಧಿಕಾರಿಯೇ. ಪತ್ರಿಕೆಗಳು ನಾಲ್ಕನೇ ಅಂಗ, ನಿರ್ಭೀತಿಯಿಂದ ಬರೆಯಬೇಕು ಎಂದು ಭಾಷಣ. ಶಾಲು, ಹಾರ, ಫಲತಾಂಬೂಲ.

ಪತ್ರಿಕೆಗಳೇನು ಸಾಚಾ ಅಲ್ಲ. ಪೊಲೀಸರು ಲಘು ಲಾಠಿ ಪ್ರಹಾರ ನಡೆಸಿ ಪರಿಸ್ಥಿತಿ ತಿಳಿಗೊಳಿಸಿದರು ಎಂಬ ವಾಕ್ಯವನ್ನು ಯಾವ ವರದಿಗಾರನೂ ಬರೆಯುವುದಿಲ್ಲ. ಅದು ತಾನೇ ಅಚ್ಚಾಗುತ್ತದೆ. ತಲೆಗೆ ಎಂಟು ಹೊಲಿಗೆ ಬಿದ್ದವನನ್ನು ಕೇಳಿ ನೋಡಿ, ಲಘುವೋ ಗುರುವೋ ಎಂದು.

ಕಾಲಿಗೆ ಗುಂಡು ಎಂಬ ಇನ್ನೊಂದು ಪ್ರಕಾರವಿದೆ. ಕರ್ನಾಟಕದ ಪೊಲೀಸ್ ಸಾಹಿತ್ಯದಲ್ಲಿ ಇದಕ್ಕಿಂತ ಜನಪ್ರಿಯ ಕತೆ ಇಲ್ಲ. ಆರೋಪಿಯನ್ನು ಸ್ಥಳ ಮಹಜರಿಗೆ ಕರೆದೊಯ್ಯುತ್ತಾರೆ. ಅವನು ಮೂತ್ರಕ್ಕೆ ಹೋಗಬೇಕು ಎನ್ನುತ್ತಾನೆ. ಪೊದೆಯಲ್ಲಿ ಬಚ್ಚಿಟ್ಟ ಮಚ್ಚು ಅವನಿಗಾಗಿಯೇ ಕಾದಿರುತ್ತದೆ. ಪೇದೆಯ ಕೈಗೆ ಬೀಸುತ್ತಾನೆ. ಗಾಳಿಯಲ್ಲಿ ಒಂದು ಗುಂಡು, ಎಚ್ಚರಿಕೆಗೆ. ಇನ್ನೊಂದು ಕಾಲಿಗೆ, ಆತ್ಮರಕ್ಷಣೆಗೆ. ಇಬ್ಬರೂ ಆಸ್ಪತ್ರೆಗೆ ದಾಖಲು. ಜಿಲ್ಲೆ ಬದಲಾಗುತ್ತದೆ, ಆರೋಪಿಯ ಅಡ್ಡಹೆಸರು ಬದಲಾಗುತ್ತದೆ, ಕತೆ ಬದಲಾಗುವುದಿಲ್ಲ. ಇಷ್ಟು ಸಲ ಮಚ್ಚು ಸಿಕ್ಕಿದ ಮೇಲೂ ಮಹಜರಿಗೆ ಮುಂಚೆ ಪೊದೆ ಹುಡುಕಬೇಕೆಂದು ಇಲಾಖೆಯಲ್ಲಿ ಒಬ್ಬರಿಗೂ ಹೊಳೆದಿಲ್ಲ.

ಎನ್‌ಕೌಂಟರ್ ಸಾವುಗಳಲ್ಲಿ ಏನೇನು ಮಾಡಬೇಕೆಂದು ಸುಪ್ರೀಂ ಕೋರ್ಟ್ 2014ರಲ್ಲೇ ಹದಿನಾರು ಅಂಶ ಬರೆದುಕೊಟ್ಟಿದೆ. ತನಿಖೆಯನ್ನು ಸಿಐಡಿ ಅಥವಾ ಬೇರೆ ಠಾಣೆ ಮಾಡಬೇಕು, ಘಟನೆಯ ಬೆನ್ನಲ್ಲೇ ಬಡ್ತಿ, ಶೌರ್ಯ ಪದಕ ಕೊಡಬಾರದು ಎಂದು. ಗಂಭೀರ ಗಾಯಕ್ಕೂ ಅವೇ ನಿಯಮ ಎಂದೂ ಹೇಳಿದೆ. ಆದರೂ ಕಾಲು ಸುರಕ್ಷಿತ ಜಾಗ. ಕುಂಟುವವನ ಬಗ್ಗೆ ಸಂಪಾದಕೀಯ ಯಾರು ಬರೆಯುತ್ತಾರೆ?

ಮಳವಳ್ಳಿಯಿಂದ ಕೊಳ್ಳೇಗಾಲದ ರಸ್ತೆ ಹಿಡಿದರೆ ಮಲೆ ಮಹದೇಶ್ವರ ಬೆಟ್ಟ. ನಮ್ಮ ಭಾಗದ ಜನ ವರ್ಷಕ್ಕೊಮ್ಮೆಯಾದರೂ ಹೋಗಿಬರುವ ದಾರಿ. ವೀರಪ್ಪನ್ ಬೇಟೆಯ ಕಾಲದಲ್ಲಿ ಎರಡು ರಾಜ್ಯಗಳ ವಿಶೇಷ ಕಾರ್ಯಪಡೆ ಅದೇ ಬೆಟ್ಟದಲ್ಲಿ ಬೀಡುಬಿಟ್ಟಿತ್ತು. ಅಲ್ಲಿ ಹಳ್ಳಿಯವರನ್ನು ಹಿಡಿದು ತಂದು ಏನೇನು ಮಾಡಿದರೆಂದು ಪತ್ರಿಕೆಗಳೂ ಮಾನವ ಹಕ್ಕು ಸಂಘಟನೆಗಳೂ ಹೇಳುತ್ತಾ ಬಂದವು. ಆಗಿನ ಉತ್ತರವೇನು? ಕಾಡುಗಳ್ಳನ ಏಜೆಂಟರು ಹಬ್ಬಿಸುವ ಸುದ್ದಿ. ಪೊಲೀಸರ ಸ್ಥೈರ್ಯ ಕೆಡಿಸುವ ಹುನ್ನಾರ.

1999ರಲ್ಲಿ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ನ್ಯಾಯಮೂರ್ತಿ ಎ.ಜೆ. ಸದಾಶಿವ ಅವರ ಸಮಿತಿ ನೇಮಿಸಿತು. ಜೊತೆಗೆ ಸಿಬಿಐನ ಮಾಜಿ ನಿರ್ದೇಶಕ ಸಿ.ವಿ. ನರಸಿಂಹನ್. ಅವರು ಜನರ ಹೇಳಿಕೆ ಕೇಳಿ 2003ರಲ್ಲಿ ವರದಿ ಕೊಟ್ಟರು. ಹುನ್ನಾರ ಎಂದು ತಳ್ಳಿಹಾಕಿದ್ದರಲ್ಲಿ ಬಹಳಷ್ಟು ನಡೆದೇ ಇತ್ತು. 2004ರ ಅಕ್ಟೋಬರ್‌ನಲ್ಲಿ ವೀರಪ್ಪನ್ ಸತ್ತ. ತಮಿಳುನಾಡು ಸರ್ಕಾರ ತನ್ನ ಕಾರ್ಯಪಡೆಯ ಪ್ರತಿಯೊಬ್ಬರಿಗೂ ತಲಾ 3 ಲಕ್ಷ ರೂಪಾಯಿ, ನಿವೇಶನ, ಬಡ್ತಿ ಕೊಟ್ಟಿತು. ಒಂದೆರಡು ವಾರವೂ ಕಾಯಿಸಲಿಲ್ಲ. ಏಟು ತಿಂದವರು 2007ರವರೆಗೆ ಕಾದರು. ಆಗ ಆಯೋಗ 89 ಮಂದಿಗೆ ಒಟ್ಟು 2.80 ಕೋಟಿ ಪರಿಹಾರ ಎಂದಿತು.

ಭಾಗಿಸಿ ನೋಡಿ. ತಲಾ ಮೂರು ಲಕ್ಷ ಚಿಲ್ಲರೆ. ಹೊಡೆದ ಪಡೆಗೂ ಹೊಡೆಸಿಕೊಂಡವರಿಗೂ ಹೆಚ್ಚುಕಡಿಮೆ ಒಂದೇ ದರ ಬಿತ್ತು. ನಿವೇಶನ ಮಾತ್ರ ಒಂದೇ ಕಡೆಗೆ. ಸಮಾನತೆ ಎಂದರೆ ಇದಪ್ಪ!

ಜನರೂ ಪೊಲೀಸರ ಪರವೇ ಇದ್ದರಲ್ಲ ಎನ್ನುತ್ತೀರಿ. ಇದ್ದರು. ಯಾವಾಗಲೂ ಇರುತ್ತಾರೆ. 1980ರ ನವೆಂಬರ್‌ನಲ್ಲಿ ಇಂಡಿಯನ್ ಎಕ್ಸ್‌ಪ್ರೆಸ್‌ನಲ್ಲಿ ಅರುಣ್ ಸಿನ್ಹಾ ಬರೆದರು: ಬಿಹಾರದ ಭಾಗಲ್ಪುರದಲ್ಲಿ ಪೊಲೀಸರು ವಿಚಾರಣಾಧೀನ ಕೈದಿಗಳ ಕಣ್ಣಿಗೆ ಚುಚ್ಚಿ ಆ್ಯಸಿಡ್ ಸುರಿಯುತ್ತಿದ್ದಾರೆ. ಮೂವತ್ತಕ್ಕೂ ಹೆಚ್ಚು ಮಂದಿ ಕುರುಡರಾಗಿದ್ದರು. ಹದಿನೈದು ಪೊಲೀಸರು ಅಮಾನತು. ಊರಿನವರು ಬೀದಿಗಿಳಿದರು, ಪೊಲೀಸರ ಪರವಾಗಿ! ಕೆಲವೇ ತಿಂಗಳಲ್ಲಿ ಅಮಾನತಾದವರು ಒಬ್ಬೊಬ್ಬರಾಗಿ ವಾಪಸ್. ದೃಷ್ಟಿ ವಾಪಸ್ ಬರಲಿಲ್ಲ.

ಬಿಹಾರ ದೂರದ್ದು ಎನ್ನಬೇಡಿ. 2020ರ ಲಾಕ್‌ಡೌನಿನಲ್ಲಿ ಹಾಲು ತರಲು ಹೋದವನಿಗೆ, ಮಾತ್ರೆ ತರಲು ಹೋದವನಿಗೆ ರಸ್ತೆಯಲ್ಲಿ ಬಾಸುಂಡೆ ಬಂದಾಗ ಆ ವಿಡಿಯೊವನ್ನು ನಗುವ ಮುಖದ ಚಿಹ್ನೆ ಹಾಕಿ ಹಂಚಿದವರು ಯಾರು? ನೀವು, ನಿಮ್ಮ ಭಾವಮೈದ, ನಿಮ್ಮ ಬಡಾವಣೆಯ ಹಿರಿಯ ನಾಗರಿಕರ ಸಂಘ. ಬೆಂಗಳೂರು ಪೊಲೀಸ್ ಆಯುಕ್ತರಾಗಿದ್ದ ಭಾಸ್ಕರ್ ರಾವ್ ಕೊನೆಗೆ ಲಾಠಿಯನ್ನು ಠಾಣೆಯಲ್ಲೇ ಬಿಟ್ಟು ರಸ್ತೆಗೆ ಹೋಗಿ ಎಂದು ಸಿಬ್ಬಂದಿಗೆ ಹೇಳಬೇಕಾಯಿತು. ಮೇಲಧಿಕಾರಿಗೆ ನಾಚಿಕೆಯಾಗುವ ಹೊತ್ತಿಗೂ ನಮಗೆ ಆಗಿರಲಿಲ್ಲ. ಲಾಠಿಯ ಹಿಡಿ ಅವರ ಕೈಯಲ್ಲಿದೆ, ನಿಜ. ಅದಕ್ಕೆ ಎಣ್ಣೆ ಹಚ್ಚುವವರು ನಾವು.

ಇಲ್ಲಿ ಚಿಕ್ಕಮಗಳೂರನ್ನು ಬಿಡುವಂತಿಲ್ಲ. ಆ ಜಿಲ್ಲೆ ಈ ಶಾಸ್ತ್ರಕ್ಕೆ ಎರಡು ಅಧ್ಯಾಯ ಕೊಟ್ಟಿದೆ. 2021ರ ಮೇ ತಿಂಗಳಲ್ಲಿ ಗೋಣಿಬೀಡು ಠಾಣೆಯಲ್ಲಿ ದಲಿತ ಯುವಕನಿಗೆ ಮೂತ್ರ ನೆಕ್ಕಿಸಿದರೆಂಬ ಆರೋಪ. ಪತ್ರಿಕೆಗಳು ಬಿಡದೆ ಬರೆದವು. ಪಿಎಸ್‌ಐ ಅಮಾನತು, ಪ್ರಕರಣ ಸಿಐಡಿಗೆ. ಬಂಧನವಾದದ್ದು ಸೆಪ್ಟೆಂಬರ್‌ನಲ್ಲಿ. ಅದೇ ಆರೋಪ ಅದೇ ಊರಿನ ಕೂಲಿಯವನ ಮೇಲೆ ಬಂದಿದ್ದರೆ ಸೆಪ್ಟೆಂಬರ್‌ವರೆಗೆ ಕಾಯುತ್ತಿದ್ದರೇ? ಸೂರ್ಯ ಮುಳುಗುವವರೆಗೂ ಕಾಯುತ್ತಿರಲಿಲ್ಲ.

ಎರಡನೆಯದು ಇನ್ನೂ ರುಚಿ. 2023ರ ನವೆಂಬರ್ 30. ಹೆಲ್ಮೆಟ್ ಇಲ್ಲವೆಂದು ಯುವ ವಕೀಲನೊಬ್ಬನನ್ನು ಠಾಣೆಗೆ ಎಳೆದೊಯ್ದು ಹೊಡೆದ ಆರೋಪ. ವಕೀಲರು ರೊಚ್ಚಿಗೆದ್ದರು. ಹೈಕೋರ್ಟ್ ತಾನಾಗಿಯೇ ಪ್ರಕರಣ ಕೈಗೆತ್ತಿಕೊಂಡಿತು. ಪಿಎಸ್‌ಐ ಸೇರಿ ಆರು ಮಂದಿ ಅಮಾನತು. ಸಹೋದ್ಯೋಗಿಯ ಬಂಧನವಾದ ಕೂಡಲೇ ಪೊಲೀಸರೂ ಅವರ ಮನೆಯವರೂ ಬೀದಿಗಿಳಿದು ನ್ಯಾಯ ಬೇಕು ಎಂದು ಕೂಗಿದರು.

ರಸ್ತೆ ತಡೆ. ಘೋಷಣೆ. ಅನುಮತಿ ಇಲ್ಲದ ಗುಂಪು. ಮದ್ದೂರಿನಲ್ಲಿ ಇದಕ್ಕೆ ಲಾಠಿ ಬೀಳುತ್ತದೆ. ಚಿಕ್ಕಮಗಳೂರಿನಲ್ಲಿ ಬೀಳಲಿಲ್ಲ. ಲಘುವಾಗಿ ಕೂಡ ಬೀಳಲಿಲ್ಲ. ಹೊಡೆಯದೆಯೂ ಪರಿಸ್ಥಿತಿ ತಿಳಿಗೊಳಿಸುವ ವಿದ್ಯೆ ಪೊಲೀಸರಿಗೆ ಚೆನ್ನಾಗಿ ಗೊತ್ತಿದೆ ಎಂಬುದು ಅಂದು ಸಾಬೀತಾಯಿತು.

ಅಮೆರಿಕದಲ್ಲೂ ಇದೇ ಹಾಡು. ಆದರೆ ಅಲ್ಲಿ ಒಮ್ಮೆ ಶ್ರುತಿ ತಪ್ಪಿತು. 2015ರಲ್ಲಿ ವಾಷಿಂಗ್ಟನ್ ಪೋಸ್ಟ್ ಮತ್ತು ಗಾರ್ಡಿಯನ್, ಪೊಲೀಸರ ಕೈಯಲ್ಲಿ ಸತ್ತವರನ್ನು ಒಬ್ಬೊಬ್ಬರಾಗಿ ಎಣಿಸತೊಡಗಿದವು. ಸರ್ಕಾರದ ಬಳಿ ಆ ಲೆಕ್ಕವೇ ನೆಟ್ಟಗಿರಲಿಲ್ಲ. ಎಫ್‌ಬಿಐ ನಿರ್ದೇಶಕ ಜೇಮ್ಸ್ ಕೋಮಿ, ಈ ಲೆಕ್ಕಕ್ಕೆ ಪತ್ರಿಕೆಗಳನ್ನು ನೆಚ್ಚಬೇಕಾಗಿರುವುದು ನಮಗೆ ನಾಚಿಕೆಗೇಡು ಎಂಬರ್ಥದ ಮಾತಾಡಿದರು. ಪತ್ರಿಕೆ ಸುಳ್ಳು ಹೇಳುತ್ತಿದೆ ಎನ್ನಲಿಲ್ಲ. ಇಂಥ ಮಾತನ್ನು ನಮ್ಮ ಖಾಕಿ ದೊಡ್ಡವರಲ್ಲಿ ಯಾರ ಬಾಯಲ್ಲಾದರೂ ಕೇಳಿದ್ದೀರಾ? ನಿವೃತ್ತರಾದ ಮೇಲೆ ಆತ್ಮಕತೆಯಲ್ಲಿ ಬರೆದರೆ ಅದು ಲೆಕ್ಕಕ್ಕಿಲ್ಲ. ಆಗ ಎಲ್ಲರೂ ಮಾನವತಾವಾದಿಗಳೇ.

ನಮ್ಮಲ್ಲಿ ಪತ್ರಿಕೆಯ ಮಾತು ಕೇಳುವುದು ನ್ಯಾಯಾಲಯ. ರಾಜಸ್ಥಾನದಲ್ಲಿ 2025ರ ಏಳೆಂಟು ತಿಂಗಳಲ್ಲಿ 11 ಮಂದಿ ಪೊಲೀಸ್ ವಶದಲ್ಲಿ ಸತ್ತರೆಂದು ದೈನಿಕ್ ಭಾಸ್ಕರ್ ಬರೆಯಿತು. ಸೆಪ್ಟೆಂಬರ್ 4ರಂದು ಸುಪ್ರೀಂ ಕೋರ್ಟ್ ಆ ವರದಿಯನ್ನೇ ಅರ್ಜಿಯಾಗಿ ತೆಗೆದುಕೊಂಡಿತು. ಠಾಣೆಗಳಲ್ಲಿ ಸಿಸಿಟಿವಿ ಎಲ್ಲಿ ಎಂದು ಕೇಳಿತು. ಎಲ್ಲ ಠಾಣೆಗೂ ಕ್ಯಾಮೆರಾ ಹಾಕಿ, ಲಾಕಪ್ಪು, ಮೊಗಸಾಲೆ, ಒಳಬಾಗಿಲು ಹೊರಬಾಗಿಲು ಎಲ್ಲ ಕಾಣಬೇಕು, ದೃಶ್ಯವನ್ನು ತಿಂಗಳುಗಟ್ಟಲೆ ಕಾಪಾಡಬೇಕು ಎಂದು ಅದೇ ಕೋರ್ಟ್ 2020ರ ಡಿಸೆಂಬರ್‌ನಲ್ಲಿ ಆದೇಶಿಸಿತ್ತು. ಬಂಧನಕ್ಕೆ ಹನ್ನೊಂದು ನಿಯಮ ಕೊಟ್ಟು, ಅವನ್ನು ಪ್ರತಿ ಠಾಣೆಯ ಗೋಡೆಗೂ ಹಾಕಿ ಎಂದದ್ದು ಅದಕ್ಕೂ ಹಿಂದೆ, 1996ರ ಡಿಸೆಂಬರ್‌ನಲ್ಲಿ, ಡಿ.ಕೆ. ಬಸು ಪ್ರಕರಣದಲ್ಲಿ. ಬೋರ್ಡು ಹಾಕಿದ್ದಾರೆ. ಧೂಳು ಹೊಡೆದರೆ ಓದಬಹುದು.

ಕ್ಯಾಮೆರಾದ ಆರೋಗ್ಯ ವಿಚಿತ್ರ. ಗಣರಾಜ್ಯೋತ್ಸವಕ್ಕೆ ಸಿಹಿ ಹಂಚುವಾಗ ಚೆನ್ನಾಗಿರುತ್ತದೆ. ಯಾರಾದರೂ ಒಳಗೆ ಕಿರುಚಿಕೊಂಡ ರಾತ್ರಿ ಕೆಟ್ಟಿರುತ್ತದೆ. ಕರೆಂಟ್ ಹೋಗಿತ್ತು, ಹಾರ್ಡ್‌ಡಿಸ್ಕ್ ತುಂಬಿತ್ತು, ಇಲಿ ವೈರು ಕಡಿದಿತ್ತು. ಪೊಲೀಸ್ ಇಲಾಖೆಯ ಪರವಾಗಿ ಇಷ್ಟು ನಿಷ್ಠೆಯಿಂದ ದುಡಿದ ಇಲಿಗಳಿಗೆ ಇನ್ನೂ ಮುಖ್ಯಮಂತ್ರಿ ಪದಕ ಬಂದಿಲ್ಲ ಎಂಬುದೇ ಆಶ್ಚರ್ಯ.

ಸುಧಾರಣೆ ಆಗಿಲ್ಲ ಎನ್ನುವಂತಿಲ್ಲ. 2025ರಲ್ಲಿ ಪೇದೆಗಳ ತಲೆಯ ಮೇಲಿದ್ದ ಹಳೆಯ ಸ್ಲೌಚ್ ಹ್ಯಾಟ್ ಹೋಗಿ ನೀಟಾದ ಪೀಕ್ ಕ್ಯಾಪ್ ಬಂತು. ಮುಖ್ಯಮಂತ್ರಿಯೇ ತೊಡಿಸಿದರು. ಬಡಪಾಯಿ ಪೇದೆಗೆ ತಲೆ ಹಗುರಾಯಿತು, ಸಂತೋಷ. ಟೋಪಿ ಹಾಕಿಸಿಕೊಂಡು ರೂಢಿಯಿರುವ ನಾಗರಿಕರಿಗೆ ಹೆಚ್ಚು ವ್ಯತ್ಯಾಸ ಕಾಣಲಿಲ್ಲ. ಅದೇ ವರ್ಷ 'ಮನೆ ಮನೆಗೆ ಪೊಲೀಸ್' ಎಂಬ ಕಾರ್ಯಕ್ರಮವೂ ಬಂತು. ಜನ ಠಾಣೆಗೆ ಬರಲು ಹೆದರುತ್ತಾರಂತೆ, ಅದಕ್ಕೆ ಪೊಲೀಸರೇ ಮನೆಗೆ ಬರುತ್ತಾರೆ. ಯಾಕೆ ಹೆದರುತ್ತಾರೆ ಎಂದು ಕೇಳಿಕೊಂಡಿದ್ದರೆ ಪೆಟ್ರೋಲು ಉಳಿಯುತ್ತಿತ್ತು.

ಹಳೆಯ ಏಟುಗಳಿಗೆ ಸ್ಮಾರಕಗಳೂ ಇವೆ. ಮದ್ದೂರಿನಲ್ಲಿ ಶಿವಪುರ ಸತ್ಯಾಗ್ರಹ ಸೌಧವಿದೆ. 1938ರ ಏಪ್ರಿಲ್‌ನಲ್ಲಿ ನಿಷೇಧಾಜ್ಞೆ ಮುರಿದು ಧ್ವಜ ಹಾರಿಸಿದವರ ನೆನಪಿಗೆ ಕಟ್ಟಿದ್ದು. ಅದೇ ತಿಂಗಳ 25ರಂದು ಆಗಿನ ಕೋಲಾರ ಜಿಲ್ಲೆಯ ವಿದುರಾಶ್ವತ್ಥದಲ್ಲಿ ಗುಂಡು ಹಾರಿತು. ಸತ್ತವರೆಷ್ಟು ಎಂಬುದರಲ್ಲಿ ಸರ್ಕಾರದ ಲೆಕ್ಕ ಒಂದು, ಜನರ ಲೆಕ್ಕ ಇನ್ನೊಂದು. ಅಂದೇ ಬಿದ್ದ ರೂಢಿ. ಗೋಲಿಬಾರಿನಲ್ಲಿ ರೈತರು ಸತ್ತ ಗೆಜ್ಜಲಗೆರೆಯೂ ಇದೇ ತಾಲ್ಲೂಕು. ಈ ಸ್ಮಾರಕಗಳಿಗೆ ಮಂತ್ರಿಗಳು ಹಾರ ಹಾಕುತ್ತಾರೆ. ಬಂದೋಬಸ್ತಿಗೆ ಪೊಲೀಸರು. ಸುತ್ತಮುತ್ತ ನಿಷೇಧಾಜ್ಞೆ ಬೇಕಾದರೆ ಅದನ್ನೂ ಹೊರಡಿಸುತ್ತಾರೆ.

ಇಷ್ಟಕ್ಕೂ ಹೊಡೆದವನ ಮೇಲೆ ಮೊಕದ್ದಮೆ ಹೂಡಬೇಕೆಂದರೆ ಸರ್ಕಾರದ ಅನುಮತಿ ಬೇಕು. ಕರ್ನಾಟಕ ಪೊಲೀಸ್ ಕಾಯ್ದೆಯ 170ನೇ ಕಲಂ ಅದನ್ನು ನೋಡಿಕೊಳ್ಳುತ್ತದೆ. ಕರ್ತವ್ಯದ ಭಾಗವಾಗಿ ಮಾಡಿದ್ದಕ್ಕೆ ರಕ್ಷಣೆ. ಕರ್ತವ್ಯದ ಭಾಗ ಹೌದೋ ಅಲ್ಲವೋ ಎಂದು ಹೇಳುವವರು ಕರ್ತವ್ಯಕ್ಕೆ ಕಳಿಸಿದವರೇ. ಚಿತ್ರಹಿಂಸೆಯ ವಿರುದ್ಧದ ವಿಶ್ವಸಂಸ್ಥೆಯ ಒಪ್ಪಂದಕ್ಕೆ ಭಾರತ 1997ರಲ್ಲಿ ಸಹಿ ಹಾಕಿತು. ಅನುಮೋದನೆ ಮಾತ್ರ ಕೊಡಲಿಲ್ಲ. ಸಹಿ ವಿಶ್ವಸಂಸ್ಥೆಗೆ, ಏಟು ನಮಗೆ.

ಪತ್ರಿಕೆಗಳು ಉತ್ಪ್ರೇಕ್ಷೆ ಮಾಡುತ್ತವೆ ಎಂಬುದು ಪೊಲೀಸರ ಖಾಯಂ ದೂರು. ಬೆರಳೆಣಿಕೆಯ ಕೆಲವರಿಂದ ಇಡೀ ಇಲಾಖೆಗೆ ಕೆಟ್ಟ ಹೆಸರು ಎಂದೂ ಹೇಳುತ್ತಾರೆ. ಒಪ್ಪೋಣ. ಬೆರಳೆಣಿಕೆ ಎಂದ ಮೇಲೆ ಎಣಿಸಿರಬೇಕಲ್ಲ? ಆ ಎಣಿಕೆಯನ್ನೇ ತೋರಿಸಿ. ಪತ್ರಿಕೆಯ ಬಾಯಿ ತಾನಾಗಿ ಮುಚ್ಚುತ್ತದೆ.

ತೋರಿಸುವುದಿಲ್ಲ. ಅದಕ್ಕೆ ಮಾಹಿತಿ ಹಕ್ಕಿನಲ್ಲಿ ಕೇಳಬೇಕು. ಕರ್ನಾಟಕದಲ್ಲಿ ಅರ್ಜಿ ಒಂದೇ ವಿಷಯದ್ದಾಗಿರಬೇಕು, 150 ಪದ ಮೀರಬಾರದು ಎಂಬ ನಿಯಮವಿದೆ. ತನಿಖೆಗೆ ಅಡ್ಡಿಯಾಗುತ್ತದೆ ಎಂದು 8(1)(ಎಚ್) ತೋರಿಸಿ ತಳ್ಳಿಹಾಕುತ್ತಾರೆ ಎಂಬುದೂ ಗೊತ್ತಿದೆ. ಆದ್ದರಿಂದ ನಡೆಯುತ್ತಿರುವ ತನಿಖೆಯನ್ನು ಮುಟ್ಟದ ಹಾಗೆ ಒಂದು ಕರಡು ಮಾಡಿದ್ದೇನೆ. ಬೇಕಾದವರು ನಕಲು ಮಾಡಿಕೊಳ್ಳಿ.

'ಕಳೆದ ಹತ್ತು ವರ್ಷಗಳಲ್ಲಿ ಜಿಲ್ಲೆಯಲ್ಲಿ ಹಲ್ಲೆ ಆರೋಪದ ಮೇಲೆ ಅಮಾನತಾದ ಪೊಲೀಸ್ ಸಿಬ್ಬಂದಿ ಎಷ್ಟು, ಯಾವ ಯಾವ ದರ್ಜೆಯವರು? ಅವರಲ್ಲಿ ಎಷ್ಟು ಮಂದಿ ಎಷ್ಟು ದಿನಗಳಲ್ಲಿ ಕೆಲಸಕ್ಕೆ ಮರಳಿದರು? ಇಲಾಖಾ ವಿಚಾರಣೆ ಮುಗಿದ ಪ್ರಕರಣಗಳಲ್ಲಿ ಶಿಕ್ಷೆ ಎಷ್ಟರಲ್ಲಿ, ಏನು? ಡಿವೈಎಸ್‌ಪಿ ಮತ್ತು ಮೇಲ್ಪಟ್ಟ ದರ್ಜೆಯವರ ಸಂಖ್ಯೆ ಪ್ರತ್ಯೇಕವಾಗಿ ಕೊಡುವುದು.'

ಎಣಿಸಿದೆ, ಐವತ್ತು ಪದವೂ ಆಗಿಲ್ಲ. ಶುಲ್ಕ 10 ರೂಪಾಯಿ, ಪೋಸ್ಟಲ್ ಆರ್ಡರ್ ಅಂಚೆ ಕಚೇರಿಯಲ್ಲಿ ಸಿಗುತ್ತದೆ. ಮೂವತ್ತು ದಿನದೊಳಗೆ ಉತ್ತರ ಕೊಡಬೇಕು. ಕಳಿಸುವಾಗ ಸ್ಪೀಡ್ ಪೋಸ್ಟ್ ಮಾಡಿ, ಖುದ್ದಾಗಿ ಕೊಡಲು ಹೋಗಬೇಡಿ. ಹೋಗಲೇಬೇಕೆಂದರೆ ಹೆಲ್ಮೆಟ್ ಹಾಕಿಕೊಳ್ಳಿ.